ನೂರ ಹನ್ನೆರಡು ಫ್ಯಾನು

ನಮ್ಮ ಮನೆಗೂ ಸ್ಟೋರ್‌ಕೀಪರನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಮೂವತ್ತೈದು ವರ್ಷ ಪೋಸ್ಟಾಫೀಸಿನಲ್ಲಿದ್ದು ಒಬ್ಬರ ಕಾಗದವನ್ನೂ ಒಡೆದು ಓದದೆ ನಿವೃತ್ತನಾದವನು ನಾನು. ಇನ್ನೊಬ್ಬರ ಮನೆ ಮಾತಿಗೆ ಕಿವಿ ಕೊಡುವ ಚಪಲ ನನಗಿಲ್ಲ. ಆದರೆ ಆ ಗೋಡೆ ಕಟ್ಟಿಸಿದ ಮಹಾನುಭಾವ ಇಟ್ಟಿಗೆಯಲ್ಲಿ ಉಳಿತಾಯ ಮಾಡಿದ್ದ. ಅವರ ಮನೆಯಲ್ಲಿ ಚಮಚ ಬಿದ್ದರೆ ನಮ್ಮ ಮನೆಯಲ್ಲಿ ನಾವು ಬಗ್ಗಿ ಹುಡುಕುತ್ತೇವೆ. ಹಾಗಾಗಿ ಇಲ್ಲಿ ನಾನು ಹೇಳುವುದು ಕಣ್ಣಾರೆ ಕಂಡದ್ದು, ಇಲ್ಲವೇ ಗೋಡೆಯಿಂದ ತಾನಾಗಿ ಬಂದದ್ದು. ಉಳಿದದ್ದು ಸ್ಟೋರ್‌ಕೀಪರನೇ ನನಗೆ ಹೇಳಿದ್ದು; ಅದರಲ್ಲಿ ಅರ್ಧ ಕಳೆದು ಬರೆದಿದ್ದೇನೆ.

ಅವನ ಕೆಲಸ ಫ್ಯಾನು, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಹೀಟರು, ಮೇಜಿನ ದೀಪ ಇವನ್ನೆಲ್ಲ ತಯಾರಿಸುವ ಕಾರ್ಖಾನೆಯ ಸ್ಟೋರಿನಲ್ಲಿ. ಅಲ್ಲಿಂದ ಯಾರಿಗೆ ಏನು ಬೇಕಾದರೂ ನೀಲಿ ಇಂಡೆಂಟ್ ಚೀಟಿ ಬರೆದು ಕೊಡಬೇಕು: ವಸ್ತು ಯಾವುದು, ಎಷ್ಟು, ಯಾತಕ್ಕೆ. ಕೆಳಗೆ ಪಡೆದವರ ಸಹಿ, ಕೊಟ್ಟವರ ಸಹಿ. ಕೊಂಡೊಯ್ದದ್ದು ಹಿಂದಿರುಗಿ ಬಂದರೆ ಅದಕ್ಕೆ ಬೇರೆ ಹಳದಿ ಚೀಟಿ. ಹದಿನೆಂಟು ವರ್ಷದಲ್ಲಿ ಚೀಟಿಯಿಲ್ಲದೆ ಅವನು ಯಾರಿಗೂ ಒಂದು ಸ್ಕ್ರೂ ಕೊಟ್ಟವನಲ್ಲ. ಒಮ್ಮೆ ಮ್ಯಾನೇಜರ ಕನ್ನಡಕದ ಸ್ಕ್ರೂ ಬಿದ್ದುಹೋದಾಗ ಅವರನ್ನೂ ಚೀಟಿ ಕೇಳಿದನಂತೆ. ಕನ್ನಡಕವಿಲ್ಲದೆ ಚೀಟಿ ತುಂಬಲಾಗದೆ, ಚೀಟಿಯಿಲ್ಲದೆ ಸ್ಕ್ರೂ ಸಿಗದೆ, ಮ್ಯಾನೇಜರು ಸಂಜೆಯವರೆಗೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದರಂತೆ. ಅವರು ಅದನ್ನು ಮರೆತಿರಲಾರರು ಎಂದು ನನ್ನ ಊಹೆ.

ಕಾಲ ಕೆಟ್ಟಿತು. ಬೆಲೆ ಏರಿತು, ಸಂಬಳ ನಿಂತಲ್ಲೇ ನಿಂತಿತು, ಜನ ಕರೆಂಟು ಉಳಿಸಲು ಹೊರಟರು. ಕರೆಂಟು ಉಳಿಸುವ ಜನ ಹೊಸ ಫ್ಯಾನು ಕೊಳ್ಳುತ್ತಾರೆಯೇ? ಕಾರ್ಖಾನೆಯ ಗೋದಾಮಿನಲ್ಲಿ ಪೆಟ್ಟಿಗೆಗಳು ಸೂರು ಮುಟ್ಟಿದವು. ಒಂದು ಸೋಮವಾರ ನೋಟಿಸ್ ಬೋರ್ಡಿನಲ್ಲಿ ಕಾಗದ ಬಿತ್ತು: ಎರಡು ತಿಂಗಳೊಳಗೆ ಹನ್ನೊಂದು ಜನರನ್ನು ಕೆಲಸದಿಂದ ಬಿಡುಗಡೆ ಮಾಡಲಾಗುವುದು. ಹೆಸರು ಹಾಕಿರಲಿಲ್ಲ. ಹಾಕಿದ್ದರೆ ಹನ್ನೊಂದು ಜನ ಹೆದರುತ್ತಿದ್ದರು. ಹಾಕದೆ ಹೋದದ್ದರಿಂದ ಇನ್ನೂರು ಜನ ಹೆದರಿದರು. ಆ ಇನ್ನೂರು ಜನರ ಹೆದರಿಕೆ ಒಟ್ಟು ಸೇರಿಸಿದರೂ ನಮ್ಮವನದಕ್ಕೆ ಸಮನಾಗುತ್ತಿರಲಿಲ್ಲ.

ಅಂದಿನಿಂದ ಅವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಊಟವನ್ನೂ ತಟ್ಟೆ ಹಿಡಿದು ಓಡಾಡುತ್ತಲೇ ಮಾಡಿದ. ಮೂರನೆಯ ದಿನ ಕಾರ್ಖಾನೆಯಿಂದ ಬರುವಾಗ ಬಗಲಲ್ಲಿ ಎರಡು ನೀಲಿ ಪುಸ್ತಕಗಳಿದ್ದವು. ಚೀಟಿಯ ಅಚ್ಚು ಬದಲಾದ ಮೇಲೆ ಮೂಲೆಗೆ ಬಿದ್ದಿದ್ದ ಹಳೆಯ ಇಂಡೆಂಟ್ ಪುಸ್ತಕಗಳು, ತಲಾ ನೂರು ಹಾಳೆ, ಹಾಳೆಗೊಂದು ನಂಬರು, ನೆತ್ತಿಯ ಮೇಲೆ ಕಾರ್ಖಾನೆಯ ಮುದ್ರೆ. ಹೇಗೂ ರದ್ದಿಗೆ ಹೋಗುವ ಮಾಲು ಎಂದು ತಂದಿದ್ದ.

"ಎಲ್ಲರೂ ಬನ್ನಿ ಇಲ್ಲಿ," ಎಂದ. ಹೆಂಡತಿ, ಏಳನೆಯ ಕ್ಲಾಸಿನ ಮಗಳು, ಹೆಂಡತಿಯ ತಾಯಿ ಮೂವರೂ ಬಂದರು. "ನನ್ನ ಕೆಲಸ ಇರುತ್ತೋ ಹೋಗುತ್ತೋ ಗೊತ್ತಿಲ್ಲ. ಹೋದರೂ ಮನೆ ನಡೀಬೇಕು. ಇವತ್ತಿಂದ ಈ ಮನೆ ಒಂದು ಸ್ಟೋರು. ಫ್ಯಾನು, ದೀಪ, ಹೀಟರು, ಇಸ್ತ್ರಿಪೆಟ್ಟಿಗೆ, ಯಾವುದು ಬೇಕಾದ್ರೂ ಚೀಟಿ. ಚೀಟಿ ಇಲ್ದೆ ಸ್ವಿಚ್ಚು ಮುಟ್ಟೋ ಹಾಗಿಲ್ಲ."

"ಉಸಿರಾಡೋಕೆ?" ಎಂದರು ಅತ್ತೆ.

"ಅದಕ್ಕೆ ಸದ್ಯಕ್ಕೆ ಬೇಡ ಅತ್ತೆ," ಎಂದ ಇವನು, ಗಂಭೀರವಾಗಿ.

ಹೆಂಡತಿ ಮಾತು ಕಡಿಮೆ, ಕೆಲಸ ಜಾಸ್ತಿ ಎನ್ನುವ ಜಾತಿಯವಳು. ಮಾರನೆಯ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಂದು ಮೊದಲ ಚೀಟಿ ಬರೆದಳು. ವಸ್ತು: ಫ್ಯಾನು. ಸಂಖ್ಯೆ: ಒಂದು. ಉದ್ದೇಶ: ಕೂದಲು ಒಣಗಿಸಲು. ಇವನು ಮೇಲಿಂದ ಕೆಳಕ್ಕೆ ಎರಡು ಸಲ ಓದಿ ಸಹಿ ಹಾಕಿದ. ಆಮೇಲೆ ವಾಚು ನೋಡುತ್ತಾ ಪಕ್ಕದಲ್ಲೇ ನಿಂತ. ಹತ್ತು ನಿಮಿಷಕ್ಕೆ ಟಕ್ ಎಂದು ಆರಿಸಿದ. ಅರ್ಧ ಒದ್ದೆ, ಅರ್ಧ ಒಣಗಿದ ತಲೆಯಲ್ಲಿ ಅವಳು ಅಡುಗೆಮನೆಗೆ ಹೋದಳು. ಪಾತ್ರೆಗಳ ಸದ್ದು ಆ ದಿನ ಎಂದಿಗಿಂತ ಜೋರಾಗಿತ್ತು.

ಹುಡುಗಿ 'ದೀಪ ಒಂದು, ಪರೀಕ್ಷೆಗೆ ಓದಲು' ಎಂದು ಬರೆದರೆ ಪರೀಕ್ಷೆ ಯಾವಾಗ ಎಂದು ವಿಚಾರಣೆ ನಡೆಯಿತು. ಅತ್ತೆಯ ಚೀಟಿಗಳದ್ದು ಬೇರೆಯೇ ಗತ್ತು. ದುಂಡಗಿನ ಅಕ್ಷರದಲ್ಲಿ ನಿಧಾನವಾಗಿ ಬರೆಯುತ್ತಿದ್ದರು: 'ಫ್ಯಾನು ಒಂದು. ಇಂಥ ಮನೆಗೆ ಮಗಳನ್ನು ಕೊಟ್ಟೆನಲ್ಲ ಎಂದು ಯೋಚಿಸಲು.' ಅಳಿಯ ಅದಕ್ಕೂ ಮುಖ ಗಂಟಿಕ್ಕಿಕೊಂಡು ಸಹಿ ಹಾಕುತ್ತಿದ್ದ. ನಿಯಮದ ಪ್ರಕಾರ ಉದ್ದೇಶ ಬರೆದಿದ್ದರೆ ಸಾಕು, ಉದ್ದೇಶ ಒಳ್ಳೆಯದಿರಬೇಕೆಂದು ಎಲ್ಲಿಯೂ ಇಲ್ಲವಲ್ಲ.

ನಾನೂ ಒಂದು ದಿನ ಸಿಕ್ಕಿಬಿದ್ದೆ. ಪೇಪರ್ ಓದಲು ಅವರ ಮನೆಗೆ ಹೋದವನು ಸೆಕೆ ತಾಳಲಾರದೆ ಸ್ವಿಚ್ಚಿಗೆ ಕೈ ಹಾಕಿದೆ.

"ಪೋಸ್ಟ್ ಮಾಸ್ತರ್ರೇ! ಚೀಟಿ!"

"ನಾನು ಈ ಮನೆಯವನಲ್ಲಪ್ಪಾ."

"ಅದಕ್ಕೇ ಮುಖ್ಯವಾಗಿ ಬೇಕು. ಹೊರಗಿನವರು ಅಂದ್ಮೇಲೆ ಇನ್ನೂ ಕಟ್ಟುನಿಟ್ಟು."

ಬರೆದೆ. ಉದ್ದೇಶ: ಬದುಕಲು. ಸಹಿ ಹಾಕಿದೆ. ಆ ಸಹಿ ನನ್ನನ್ನು ಎಲ್ಲಿಗೆ ಒಯ್ಯುತ್ತದೆಂದು ಗೊತ್ತಿದ್ದರೆ ಬೆವರಿಕೊಂಡೇ ಸಾಯುತ್ತಿದ್ದೆ.

ಇಷ್ಟಕ್ಕೇ ಅವನ ಚಡಪಡಿಕೆ ನಿಲ್ಲಲಿಲ್ಲ. ಚೀಟಿಯಿಲ್ಲದೆ ಎಲ್ಲಾದರೂ ಏನಾದರೂ ಉರಿಯುತ್ತಿದೆಯೋ ಎಂಬ ಸಂಶಯ. ಆ ಮನೆಯ ಸ್ವಿಚ್ಚುಗಳು ಹಳೆಯವು, ಯಾವ ಕಡೆ ಒತ್ತಿದರೆ ಹತ್ತುತ್ತದೆ, ಯಾವ ಕಡೆ ಆರುತ್ತದೆ ಎಂದು ನೋಡಿದರೆ ತಿಳಿಯುವುದಿಲ್ಲ. ಹಾಗಾಗಿ ಆರಿದೆಯೋ ಇಲ್ಲವೋ ಎಂದು ತಿಳಿಯಲು ಒಮ್ಮೆ ಹಾಕಿ ನೋಡುತ್ತಿದ್ದ. ನಮ್ಮ ಗೋಡೆಗೆ ಇಡೀ ದಿನ ಟಕ್, ಟಕ್, ಟಕ್. ಹೀಟರಿನ ವಿಷಯದಲ್ಲಿ ಇನ್ನೂ ಎಚ್ಚರ. ಹಾಕಿ, ನೀರು ಬಿಸಿಯಾಗುವವರೆಗೆ ಕಾದು, ಬೆರಳು ಅದ್ದಿ, ಹೌದು ಈಗ ಹತ್ತಿದೆ, ಅಂದರೆ ಮೊದಲು ಆರಿತ್ತು ಎಂದು ಖಾತ್ರಿ ಮಾಡಿಕೊಂಡು ಆರಿಸುತ್ತಿದ್ದ.

ಬೀದಿಯವರು ಸುಮ್ಮನಿರುತ್ತಾರೆಯೇ? ಸಂಜೆ ಏಳಕ್ಕೆ ಕತ್ತಲೆ ಕವಿದ ಮನೆ, ಅದರೊಳಗೆ ಇದ್ದಕ್ಕಿದ್ದಂತೆ ಒಂದೊಂದು ಕೋಣೆಯಲ್ಲಿ ಮಿಂಚಿ ಮರೆಯಾಗುವ ಬೆಳಕು. ಎದುರುಮನೆಯ ದರ್ಜಿ ನನ್ನ ಬಳಿ ಬಂದು ಪಿಸುಗುಟ್ಟಿದ. "ಅವರಿಗೆ ಏನಾಗಿದೆ ಮಾಸ್ತರ್ರೇ? ಏನೋ ಕಳ್ಕೊಂಡು ಹುಡುಕ್ತಾ ಇದ್ದಾರಾ?"

"ಹೌದು," ಎಂದೆ. "ನೆಮ್ಮದಿ."

ತಿಂಗಳು ಕಳೆದು ಕರೆಂಟ್ ಬಿಲ್ಲು ಬಂತು. ಕಳೆದ ತಿಂಗಳಿಗಿಂತ ಜಾಸ್ತಿ! ಗೋಡೆಯಾಚೆ ಅವನು ಅದನ್ನು ಎರಡು ಸಲ ಗಟ್ಟಿಯಾಗಿ ಓದಿದ್ದು ಕೇಳಿಸಿತು. ಆಮೇಲೆ ಚಪ್ಪಲಿಯ ಸದ್ದು. ಬಾಗಿಲು ತೆರೆದರೆ ಬಿಲ್ಲು ಹಿಡಿದು ನಿಂತಿದ್ದ. ಕಣ್ಣು ನನ್ನ ಮೇಲಿರಲಿಲ್ಲ, ನನ್ನ ಫ್ಯಾನಿನ ಮೇಲಿತ್ತು.

"ಮಾಸ್ತರ್ರೇ, ನಿಮ್ಮ ಫ್ಯಾನು ಬಹಳ ಜೋರಾಗಿ ತಿರುಗ್ತಾ ಇದೆ."

"ಅದು ಫ್ಯಾನು, ತಿರುಗದೆ ಇನ್ನೇನು ಮಾಡುತ್ತೆ?"

"ಯಾರ ಕರೆಂಟಿನಲ್ಲಿ ತಿರುಗ್ತಾ ಇದೆ ಅನ್ನೋದು ಪ್ರಶ್ನೆ. ನಮ್ಮ ನಡುವೆ ಇರೋದು ಒಂದೇ ಗೋಡೆ."

ಮೂವತ್ತೈದು ವರ್ಷದ ನನ್ನ ಸೇವೆಯಲ್ಲಿ ಒಂದು ಅಂಟುಚೀಟಿ ಆಚೀಚೆ ಆಗಿಲ್ಲ. ನನ್ನ ಮೈ ಉರಿದುಹೋಯಿತು. ಅವನ ಕೈಹಿಡಿದು ನನ್ನ ಮೀಟರಿನ ಮುಂದೆ ನಿಲ್ಲಿಸಿ ಮೇನ್ ಸ್ವಿಚ್ ಆರಿಸಿ ತೋರಿಸಿದೆ. ನನ್ನ ಫ್ಯಾನು ನಿಂತಿತು. ಅವನ ಮನೆಯ ಮೀಟರು ನಿಲ್ಲಲಿಲ್ಲ. ಅವನು ವಿದ್ಯುತ್ ಕಚೇರಿಗೆ ಓಡಿದ. ಅಲ್ಲಿಯ ಗುಮಾಸ್ತೆ ಬಂದು ಮೀಟರು ಪರೀಕ್ಷಿಸಿ, ಅರ್ಧ ಗಂಟೆ ಇವನನ್ನೂ ಪರೀಕ್ಷಿಸಿ, ಹೋಗುವಾಗ ನನ್ನ ಕಿವಿಯಲ್ಲಿ ಹೇಳಿದರು: "ಮೀಟರು ಸರಿಯಾಗಿದೆ."

ಬಿಲ್ಲಿಗೂ ಚೀಟಿಗೂ ತಾಳೆಯಾಗದೆ ಇವನಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಇನ್ನೊಂದು ಹತ್ತು ದಿನದ ಚೀಟಿಗಳೂ ಸೇರಿದ ಮೇಲೆ ಎಲ್ಲವನ್ನೂ ಫೈಲಿಗೆ ಹಾಕಿ, ಲಾಡಿ ಕಟ್ಟಿ, ಊಟದ ಬಿಡುವಿನಲ್ಲಿ ಕೂಡಿ ನೋಡೋಣವೆಂದು ಕಾರ್ಖಾನೆಗೆ ಒಯ್ದ. ಮನೆಯಲ್ಲೇ ಕೂಡಬಹುದಿತ್ತು, ಆದರೆ ಅದಕ್ಕೆ ದೀಪ ಬೇಕು, ದೀಪಕ್ಕೆ ಚೀಟಿ ಬೇಕು. ಫೈಲನ್ನು ಸ್ಟೋರಿನ ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋದ.

ಅಷ್ಟರಲ್ಲಿ ಆಡಿಟರು ಬಂದರು. ಹನ್ನೊಂದು ಜನರನ್ನು ಕಳಿಸುವ ಮೊದಲು ಎಲ್ಲ ವಿಭಾಗದ ಲೆಕ್ಕ ನೋಡಲು ಬಂದವರು. ನಗದ, ಬಯ್ಯದ, ಕೆಂಪು ಪೆನ್ನು ಕೈಬಿಡದ ಮನುಷ್ಯ. ಕಾರ್ಖಾನೆಯಲ್ಲಿ ಅವರ ಹೆಸರೇ ಕೆಂಪು ಪೆನ್ನು. ಮೇಜಿನ ಮೇಲಿದ್ದ ಫೈಲು ಬಿಚ್ಚಿದರು. ನೀಲಿ ಚೀಟಿ, ಕಾರ್ಖಾನೆಯ ಮುದ್ರೆ, ಸ್ಟೋರ್‌ಕೀಪರನ ಸಹಿ. ಫ್ಯಾನು ಒಂದು. ಫ್ಯಾನು ಒಂದು. ಫ್ಯಾನು ಒಂದು. ಇವನು ಕೈ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಕೂಡಿ ಮುಗಿಸಿದ್ದರು.

"ನಲವತ್ತು ದಿನದಲ್ಲಿ ನೂರ ಹನ್ನೆರಡು ಫ್ಯಾನು, ನಲವತ್ತು ದೀಪ, ಮೂವತ್ತೊಂದು ಹೀಟರು, ಹದಿನಾಲ್ಕು ಇಸ್ತ್ರಿಪೆಟ್ಟಿಗೆ," ಎಂದರು ಆಡಿಟರು. "ಎಲ್ಲಾ ನಿಮ್ಮ ಮನೆಯವರಿಗೇ ಹೋಗಿದೆ. ಒಂದು ಫ್ಯಾನು ಯಾರೋ ಪೋಸ್ಟ್ ಮಾಸ್ತರಿಗೆ."

"ಹೌದು ಸಾರ್," ಎಂದ ಇವನು. ತನ್ನ ಚೀಟಿಗಳನ್ನು ಇಷ್ಟು ಶ್ರದ್ಧೆಯಿಂದ ಓದುವವರು ಸಿಕ್ಕಿದರಲ್ಲ ಎಂದು ಅವನಿಗೆ ಸಂತೋಷವೇ ಆಯಿತಂತೆ.

"ನಿಮ್ಮ ಹೆಂಡತಿಗೆ ಕೂದಲು ಒಣಗಿಸೋಕೆ ಪ್ರತಿಸಲ ಹೊಸ ಫ್ಯಾನು ಬೇಕಾ?"

ಇವನಿಗೆ ಆಗ ಅರ್ಥವಾಯಿತು. ಇದು ಮನೆ ಲೆಕ್ಕ ಸಾರ್, ಹಾಕೋದಕ್ಕೆ ಚೀಟಿ ಸಾರ್, ಫ್ಯಾನು ಒಂದೇ ಸಾರ್ ಎಂದು ತಡವರಿಸುವಷ್ಟರಲ್ಲಿ ಮ್ಯಾನೇಜರು ಕನ್ನಡಕ ಸರಿಮಾಡಿಕೊಂಡು ಬಂದಿದ್ದರು.

ಸಂಜೆ ನಾಲ್ಕಕ್ಕೆ ನಮ್ಮ ಬೀದಿಗೆ ಒಂದು ಖಾಲಿ ಲಾರಿ ಬಂತು. ಅದರ ಹಿಂದೆ ಜೀಪು. ಜೀಪಿನಲ್ಲಿ ಮ್ಯಾನೇಜರು, ಆಡಿಟರು, ಇಬ್ಬರು ಕಾವಲುಗಾರರು, ನಡುವೆ ಹಿಂಡಿದ ಬಟ್ಟೆಯಾಗಿ ನಮ್ಮ ಸ್ಟೋರ್‌ಕೀಪರ. ಬೀದಿಗೆ ಬೀದಿಯೇ ಹೊರಗೆ ಬಂದು ನಿಂತಿತು. ಜಪ್ತಿಗೆ ಬಂದಿದ್ದಾರೆಂದು ಯಾರೋ ಹೇಳಿದರು. ದರ್ಜಿ ಓಡಿಬಂದು, "ಮಾಸ್ತರ್ರೇ, ಆ ಮರದ ಬೀರು ಹರಾಜಿಗೆ ಬಂದ್ರೆ ನನಗೊಂದು ಮಾತು ಹೇಳಿ," ಎಂದ. ನಾನು ಅವನಿಗೆ ಉತ್ತರ ಕೊಡುವ ಮೊದಲೇ ಕಾವಲುಗಾರನೊಬ್ಬ ನನ್ನ ಬಾಗಿಲಿಗೆ ಬಂದಿದ್ದ.

"ನೀವೇನಾ ಪೋಸ್ಟ್ ಮಾಸ್ತರು? ಫ್ಯಾನು ಎಲ್ಲಿ?"

ನನ್ನ ಫ್ಯಾನು ನಾನು ಮದುವೆಯಾದ ವರ್ಷದ್ದು, ಅದರ ಮೇಲಿನ ಧೂಳೇ ಸಾಕ್ಷಿ ಎಂದು ಕುರ್ಚಿ ಹತ್ತಿ ತೋರಿಸಿದೆ. ಧೂಳು ನೋಡಿ ಅವನು ನಂಬಿದ. ಹಾಗೆಯೇ ನನ್ನನ್ನು ಸಾಕ್ಷಿಯೆಂದು ಪಕ್ಕದ ಮನೆಗೆ ಎಳೆದುಕೊಂಡು ಹೋದ. ಒಂದೇ ನಿಮಿಷದಲ್ಲಿ ಆರೋಪಿಯಿಂದ ಸಾಕ್ಷಿಯಾದ ಬೇರೆ ಯಾರನ್ನೂ ನಾನು ಕಂಡಿಲ್ಲ.

ಅವರು ಮಂಚದ ಕೆಳಗೆ ನೋಡಿದರು, ಅಟ್ಟದ ಮೇಲೆ ನೋಡಿದರು. ಒಳಕೋಣೆ ಕತ್ತಲೆಯಿತ್ತು. ಮ್ಯಾನೇಜರು ಗೋಡೆ ತಡಕುತ್ತ ಸ್ವಿಚ್ಚಿಗೆ ಕೈ ಹಾಕಿದರು.

"ಚೀಟಿ?" ಎಂದರು ಮಂಚದ ಮೇಲಿದ್ದ ಅತ್ತೆ, ಅಭ್ಯಾಸಬಲದಿಂದ.

ಸಿಕ್ಕಿದ್ದು ಒಂದು ಫ್ಯಾನು, ಒಂದು ಹೀಟರು, ಒಂದು ಇಸ್ತ್ರಿಪೆಟ್ಟಿಗೆ, ಎರಡು ದೀಪ. ಎಲ್ಲಕ್ಕೂ ರಸೀದಿ. ಲಾರಿಯವನು ಹಾರ್ನ್ ಹೊಡೆದು ಇನ್ನೂ ಎಷ್ಟು ಹೊತ್ತು ಎಂದು ಕೇಳಿದ. ಮ್ಯಾನೇಜರು ಬೆವರು ಒರೆಸಿಕೊಂಡು ಹೆಂಡತಿಯ ಕಡೆ ತಿರುಗಿದರು. "ಏನಮ್ಮಾ, ಈ ಚೀಟಿ ಮೇಲಿರೋ ಸಹಿ ನಿಮ್ಮದೇನಾ? ಈ ಫ್ಯಾನುಗಳು ನಿಮಗೆ ಬಂದಿದ್ದು ನಿಜಾನಾ?"

ಎಲ್ಲರೂ ಅವಳ ಮುಖ ನೋಡಿದರು. ನಲವತ್ತು ದಿನ ಒದ್ದೆ ತಲೆಯಲ್ಲಿ ಅಡುಗೆ ಮಾಡಿದ ಹೆಂಗಸು. ಅವಳು ಒಂದು ಮಾತು ಹೆಚ್ಚುಕಡಿಮೆ ಆಡಿದ್ದರೆ ಅವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಅದು ಅವನಿಗೂ ಗೊತ್ತಿತ್ತು.

"ಬಂದಿದ್ದು ನಿಜ," ಎಂದಳು. "ಹತ್ತು ಹತ್ತು ನಿಮಿಷಕ್ಕೆ ಬಂತು. ಹತ್ತು ನಿಮಿಷಕ್ಕೆ ಸರಿಯಾಗಿ ಕಿತ್ಕೊಂಡ್ರು." ಅಡುಗೆಮನೆಗೆ ಹೋಗಿ ಗೋಡೆಯ ಕ್ಯಾಲೆಂಡರು ತಂದಳು. ಅದರ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ನಾಲ್ಕು ಕಾಲಮ್ಮು: ನಾನು, ಅಮ್ಮ, ಮಗಳು, ಅವರು. ಮೂಲೆಯಲ್ಲಿ ಒಂದೇ ಸಲ, ಮಾಸ್ತರು. ಪ್ರತಿಸಲ ಹಾಕಿದ ಹೊತ್ತು, ಆರಿಸಿದ ಹೊತ್ತು.

ಆಡಿಟರು ಚೀಟಿ ಒಂದೊಂದನ್ನೇ ಕ್ಯಾಲೆಂಡರಿಗೆ ಹಿಡಿದು ನೋಡಿದರು. ಹುಬ್ಬು ಮೇಲೇರಿತು. "ಪ್ರತಿಯೊಂದೂ ತಾಳೆ ಆಗುತ್ತೆ. ಈ ನಾಲ್ಕನೇ ಕಾಲಮ್ಮಿಗೆ ಮಾತ್ರ ಚೀಟಿಯೇ ಇಲ್ಲ. ಎಲ್ಲಕ್ಕಿಂತ ಉದ್ದ ಇದೇ ಇದೆಯಲ್ಲ?"

"ಅದು ಇವರು ಆರಿದೆಯೋ ಇಲ್ವೋ ಅಂತ ನೋಡೋಕೆ ಹಾಕಿದ್ದು," ಎಂದಳು ಹೆಂಡತಿ.

ಕರೆಂಟ್ ಬಿಲ್ಲು ಯಾಕೆ ಏರಿತೆಂದು ನನಗೆ ತಿಳಿಯಿತು. ಅವನಿಗೂ ತಿಳಿಯಿತು. ನಾನು ಅವನ ಕಡೆ ನೋಡಿದೆ. ಅವನು ನನ್ನ ಕಡೆ ನೋಡಲಿಲ್ಲ.

ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕಳ್ಳ ಅಂದ್ಕೊಂಡು ಬಂದೆ ಕಣಯ್ಯಾ. ಕಳ್ಳ ಅಲ್ಲ, ಬರೀ ತಲೆ ಕೆಟ್ಟಿದೆ. ಸಂತೋಷ." ನಗು ಮುಗಿಸಿ ಕಿಸೆಯಿಂದ ಒಂದು ಕಾಗದ ತೆಗೆದರು. "ಹೇಗೂ ಬಂದಿದ್ದೀನಿ, ಹೇಳಿಬಿಡ್ತೀನಿ. ಆ ಹನ್ನೊಂದು ಜನರ ಪಟ್ಟೀಲಿ ನಾಲ್ಕನೇದು ನೀನು. ಈ ತಿಂಗಳ ಕೊನೆಗೆ ಬಿಡುಗಡೆ."

ಅವನು ಕೂತುಬಿಟ್ಟ. ನಲವತ್ತು ದಿನದಲ್ಲಿ ಅವನು ತಾನಾಗಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಯಾವುದಕ್ಕೆ ಹೆದರಿ ಇಡೀ ಮನೆಯನ್ನು ಕತ್ತಲಲ್ಲಿಟ್ಟನೋ ಅದು ಬಾಗಿಲು ತಟ್ಟಿ ಒಳಗೆ ಬಂದಿತ್ತು. ಮಗಳು ಬಂದು ಅವನ ಪಕ್ಕದಲ್ಲಿ ನಿಂತು ತೋಳು ಹಿಡಿದುಕೊಂಡಳು. ನನ್ನ ಮೇಲೆ ಕರೆಂಟು ಕದ್ದ ಆರೋಪ ಹೊರಿಸಿದವನು ಎಂಬುದನ್ನು ಮರೆತು ನಾನೂ ಅವನ ಇನ್ನೊಂದು ಪಕ್ಕಕ್ಕೆ ಹೋಗಿ ನಿಂತೆ.

"ಆಗಲ್ಲ ಸಾರ್," ಎಂದರು ಆಡಿಟರು.

"ಏನು ಆಗಲ್ಲ?"

"ಇವರನ್ನ ಬಿಡುಗಡೆ ಮಾಡೋಕೆ. ಕೆಲಸದಿಂದ ಬಿಡಬೇಕಾದ್ರೆ 'ಬಾಕಿ ಇಲ್ಲ' ಪತ್ರಕ್ಕೆ ನಾನು ಸಹಿ ಹಾಕಬೇಕು. ಇವರ ಸಹಿಯಲ್ಲಿ ನೂರ ತೊಂಬತ್ತೇಳು ಸಾಮಾನು ಸ್ಟೋರಿಂದ ಹೊರಗೆ ಹೋಗಿದೆ. ವಾಪಸ್ ಬಂದ ಒಂದು ಹಳದಿ ಚೀಟಿಯೂ ಇಲ್ಲ. ಬಾಕಿ ಇರೋರನ್ನ ಬಿಡೋ ಹಾಗಿಲ್ಲ."

"ಅಯ್ಯೋ, ಈ ಮನೇಲಿ ನಮ್ಮದು ಒಂದು ಫ್ಯಾನೂ ಇಲ್ಲ ಅಂತ ನೀವೇ ಈಗ ಎಣಿಸಿದ್ರಲ್ಲ!"

"ಎಣಿಸಿದೆ. ಹೋಗಿಲ್ಲ ಅಂತ ಎಣಿಕೆ ಹೇಳುತ್ತೆ. ಹೋಗಿದೆ ಅಂತ ಚೀಟಿ ಹೇಳುತ್ತೆ. ನಾನು ಚೀಟಿ ಆಡಿಟರು."

"ಆ ಹಳೇ ಪುಸ್ತಕ ರದ್ದಾಗಿದೆಯಲ್ರೀ!"

"ರದ್ದು ಮಾಡಿದ ಆದೇಶ ಎಲ್ಲಿ? ನೀವು ಸಹಿ ಹಾಕಿಲ್ಲ."

ಮ್ಯಾನೇಜರು ಕೋಣೆಯ ಈ ತುದಿಯಿಂದ ಆ ತುದಿಗೆ ಓಡಾಡತೊಡಗಿದರು. ಆ ಮನೆಯ ಗಾಳಿಯೇ ಅಂಥದ್ದು. ನಾಲ್ಕನೆಯ ಸುತ್ತಿಗೆ ಅವರ ಮುಖ ಅರಳಿತು. "ರಿಜೆಕ್ಟ್ ಆದ ಸಾಮಾನು! ರೆಕ್ಕೆ ಸೊಟ್ಟ ಆದ ಫ್ಯಾನು, ಹಿಡಿ ಇಲ್ಲದ ಇಸ್ತ್ರಿಪೆಟ್ಟಿಗೆ, ಎಲ್ಲ ಹಿಂದುಗಡೆ ಶೆಡ್ಡಿನಲ್ಲಿ ರಾಶಿ ಬಿದ್ದಿದೆ. ಅದಕ್ಕೆ ಲೆಕ್ಕವೇ ಇಲ್ಲ. ಅದರಲ್ಲೇ ನೂರ ತೊಂಬತ್ತೇಳು ಎತ್ತಿ, ಇವನಿಂದ ವಾಪಸ್ ಬಂತು ಅಂತ ಬರ್ಕೊಳ್ಳಿ."

ಆಡಿಟರು ಯೋಚಿಸಿದರು. "ವಸ್ತು ಅದೇ, ಸಂಖ್ಯೆ ಅದೇ. ಆಗುತ್ತೆ."

"ನಾಳೆ ಹತ್ತು ಗಂಟೆಗೆ!" ಎಂದು ಮ್ಯಾನೇಜರು ಮೆಟ್ಟಿಲು ಇಳಿದರು.

ಆಡಿಟ್ ಮಾಡುವವರಿಗೆ ಹೊರಡಲು ಸ್ವಲ್ಪ ಹೊತ್ತು ಜಾಸ್ತಿ ಬೇಕು. ಎರಡನೆಯ ನೀಲಿ ಪುಸ್ತಕ ತಿರುವಿ, "ಮೂರು ಹಾಳೆ ಖಾಲಿ ಉಳಿದಿದೆ," ಎಂದರು. "ಪುಸ್ತಕ ಇಲ್ಲಿ ತಗೊಳ್ಳೋ ಹಾಗಿಲ್ಲ. ನಾಳೆ ಕೌಂಟರಿನಲ್ಲೇ ಒಪ್ಪಿಸಿ. ಒಪ್ಪಿಸೋವರೆಗೆ ಬರೆದದ್ದೆಲ್ಲ ಲೆಕ್ಕಕ್ಕೆ ಬರುತ್ತೆ, ಎಚ್ಚರ." ಅದನ್ನು ಹೇಳುವಾಗ ಅವರು ನೋಡಿದ್ದು ಸ್ಟೋರ್‌ಕೀಪರನನ್ನಲ್ಲ, ಕ್ಯಾಲೆಂಡರು ಹಿಡಿದು ನಿಂತಿದ್ದ ಅವನ ಹೆಂಡತಿಯನ್ನು.

ಲಾರಿ ಖಾಲಿ ಹೋಯಿತು. ದರ್ಜಿ ಬೀರುವಿನ ಆಸೆ ಬಿಟ್ಟು ಮನೆಗೆ ಹೋದ. ಸ್ಟೋರ್‌ಕೀಪರ ಮತ್ತೆ ಎದ್ದು ಓಡಾಡಿದ, ಮತ್ತೆ ಕೂತ, ಮತ್ತೆ ಎದ್ದ. "ನೂರ ತೊಂಬತ್ತೇಳೂ ನಾಳೆ ವಾಪಸ್ ಆಗುತ್ತೆ ಮಾಸ್ತರ್ರೇ. ತಿಂಗಳ ಕೊನೆಗೆ ನಾನು ಬೀದೀಲಿ."

ಹೆಂಡತಿ ನೀಲಿ ಪುಸ್ತಕ ಎಳೆದುಕೊಂಡು ಬರೆಯಲು ಕೂತಳು.

"ಇನ್ನೊಂದು ಫ್ಯಾನು ಬರೆದು ಏನು ಪ್ರಯೋಜನ?" ಎಂದು ಇವನು ಅರಚಿದ. "ಶೆಡ್ಡಿನಲ್ಲಿ ಸೊಟ್ಟ ಫ್ಯಾನು ಸಾವಿರ ಇದೆ!"

"ಫ್ಯಾನು ಯಾರು ಬರೀತಿದ್ದಾರೆ?" ಎಂದು ಅವಳು ಚೀಟಿ ಮುಂದೆ ಹಿಡಿದಳು. ವಸ್ತು: ಹಿತ್ತಿಲ ಬಾಗಿಲಿನ ಗಾಳಿ. ಸಂಖ್ಯೆ: ಒಂದು. ಉದ್ದೇಶ: ಕೂದಲು ಒಣಗಿಸಲು.

ಅವನು ಚೀಟಿ ನೋಡಿದ, ಅವಳನ್ನು ನೋಡಿದ. "ಇದಕ್ಕೆ ಕೋಡ್ ನಂಬರ್ ಇಲ್ಲ."

"ಕೋಡ್ ನಂಬರ್ ಇರೋದನ್ನೆಲ್ಲ ನಲವತ್ತು ದಿನ ಬರೆದು ನೋಡಿದ್ದಾಯ್ತಲ್ಲ. ಸಹಿ ಹಾಕಿ."

ಹಾಕಿದ. ಮಗಳು ಎರಡನೆಯ ಹಾಳೆ ಕಸಿದುಕೊಂಡಳು: ಕಿಟಕಿಯ ಬೆಳಕು, ಒಂದು, ಓದಲು. ಮೂರನೆಯದನ್ನು ಅತ್ತೆ ತೆಗೆದುಕೊಂಡು, ಕನ್ನಡಕ ಏರಿಸಿ, ಎಂದಿನ ದುಂಡಗಿನ ಅಕ್ಷರದಲ್ಲಿ ಬರೆದರು: ಜಗಲಿಯ ಬಿಸಿಲು, ಒಂದು, ಮೊಣಕಾಲು ಕಾಯಿಸಲು. ಈ ಸಲ ಅವರು ಅಳಿಯನ ಬಗ್ಗೆ ಒಂದಕ್ಷರವೂ ಬರೆಯಲಿಲ್ಲ. ಅದನ್ನು ಕಂಡು ಅವನ ಕಣ್ಣು ತುಂಬಿತು. ಮೂರರ ಅಂಚಿನಲ್ಲೂ ಸಾಕ್ಷಿಯೆಂದು ನಾನೇ ಸಹಿ ಹಾಕಿದೆ. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಸಹಿ ನಾನು ಎಂದೂ ಹಾಕಿರಲಿಲ್ಲ.

ಮಾರನೆಯ ದಿನ ಹತ್ತು ಗಂಟೆಗೆ ನಾನೂ ಅವನ ಜೊತೆ ಸ್ಟೋರಿಗೆ ಹೋದೆ. ಕೌಂಟರಿನ ಮುಂದೆ ಗುಡ್ಡ ಬಿದ್ದಿತ್ತು: ಎರಡೇ ರೆಕ್ಕೆಯ ಫ್ಯಾನು, ಮೂತಿ ಸೊಟ್ಟಗಾದ ದೀಪ, ಬಾಯಿ ಬಿಟ್ಟ ಹೀಟರು. ಆಡಿಟರು ಒಂದೊಂದನ್ನೇ ಎಣಿಸಿ ಹಳದಿ ಚೀಟಿ ಹರಿದರು. ಹನ್ನೆರಡೂವರೆಗೆ ಕೊನೆಯ ಇಸ್ತ್ರಿಪೆಟ್ಟಿಗೆ ಮುಗಿಯಿತು. ಮ್ಯಾನೇಜರು ಬಿಡುಗಡೆಯ ಕಾಗದ ಕೈಯಲ್ಲಿ ಹಿಡಿದೇ ನಿಂತಿದ್ದರು.

"ನೂರ ತೊಂಬತ್ತೇಳು. ಆಯ್ತಲ್ಲ? ಸಹಿ ಹಾಕಿ."

"ಇನ್ನು ಮೂರು ಇದೆ ಸಾರ್," ಎಂದು ಆಡಿಟರು ಪುಸ್ತಕದ ಕೊನೆಯ ಹಾಳೆಗಳನ್ನು ಗಟ್ಟಿಯಾಗಿ ಓದಿದರು.

ಮ್ಯಾನೇಜರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಗಾಳಿ? ಬಿಸಿಲು? ನಮ್ಮ ಕಾರ್ಖಾನೇಲಿ ಬಿಸಿಲು ತಯಾರು ಮಾಡ್ತೀವೇನ್ರೀ?"

"ತಯಾರು ಮಾಡಲ್ಲ. ಆದ್ರೆ ಕೊಟ್ಟಿದ್ದೀವಿ. ನಂಬರ್ ಇದೆ, ಎರಡು ಸಹಿ ಇದೆ, ಸಾಕ್ಷಿ ಇಲ್ಲೇ ನಿಂತಿದ್ದಾರೆ."

ನಾನು ಕೆಮ್ಮಿ ನೆಟ್ಟಗೆ ನಿಂತೆ.

"ಹಾಗಾದ್ರೆ ಶೆಡ್ಡಿಂದ ತಂದು..." ಎಂದ ಮ್ಯಾನೇಜರು ಅಲ್ಲಿಗೇ ನಿಲ್ಲಿಸಿದರು. ಶೆಡ್ಡಿನಲ್ಲಿ ರಿಜೆಕ್ಟ್ ಆದ ಬಿಸಿಲು ಇರಲಿಲ್ಲ.

ಆಡಿಟರು ಸ್ಟೋರ್‌ಕೀಪರನ ಕಡೆ ತಿರುಗಿದರು. ಮುಖದಲ್ಲಿ ನಗುವಿಲ್ಲ, ಸಿಟ್ಟಿಲ್ಲ. "ಬಿಸಿಲು ಯಾವಾಗ ವಾಪಸ್ ಕೊಡ್ತೀರಿ?"

ಅವನು ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. "ಅತ್ತೆ ಇನ್ನೂ ಅದರಲ್ಲೇ ಕೂತಿದ್ದಾರೆ ಸಾರ್," ಎಂದ.

ಆಡಿಟರು ಕೆಂಪು ಪೆನ್ನಿನ ಮುಚ್ಚಳ ತೆಗೆದು ಮೂರು ಸಾಲಿನ ಎದುರಿಗೂ 'ಬಾಕಿ' ಎಂದು ಬರೆದರು, ಕೆಳಗೆ ಗೆರೆ ಎಳೆದು ಸಹಿ ಹಾಕಿದರು, ಪುಸ್ತಕ ಮುಚ್ಚಿದರು. ಮ್ಯಾನೇಜರು ಕೈಯಲ್ಲಿದ್ದ ಕಾಗದವನ್ನು ಒಮ್ಮೆ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ನಮ್ಮ ಸ್ಟೋರ್‌ಕೀಪರ ಮುರುಕು ಫ್ಯಾನುಗಳನ್ನು ದಾಟಿಕೊಂಡು ಕೌಂಟರಿನ ಒಳಗೆ ಹೋದ. ಸ್ಟೂಲಿನ ಮೇಲೆ ಆರಾಮವಾಗಿ ಕೂತ. ಆಮೇಲೆ ಅಲ್ಲೇ ನಿಂತಿದ್ದ ಮ್ಯಾನೇಜರನ್ನು ನೋಡಿ, "ಏನು ಬೇಕಾಗಿತ್ತು ಸಾರ್?" ಎಂದು ಕೇಳಿದ.